ಮೈನಸ್ ಡಿಗ್ರಿಯ ಚಳಿ: ಸಿದ್ಧತೆ ಹಿಂದಿನ ಸಂಜೆಯೇ ಆಗಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ಕಾಣಿಸಿಕೊಳ್ಳುತ್ತದೆ: ಬೆಚ್ಚಗಿನ ಬಟ್ಟೆ ಧರಿಸಿ, ಬಿಸಿನೀರು ಕುಡಿಯಿರಿ, ಗಾಡಿಯನ್ನು ಸ್ವಲ್ಪ ಹೊತ್ತು ಚಾಲೂ ಇಟ್ಟು ಹೊರಡಿ. ಮೈ ನಡುಗಿಸುವ ಚಳಿಗೆ ಇಷ್ಟು ಸಾಕು. ನೀರೇ ಕಲ್ಲಾಗುವ ಚಳಿಗೆ ಸಾಲದು. ಓದು, ನೌಕರಿ, ಸೇನೆಯ ಕೆಲಸ ಎಂದು ಹಿಮದ ಸೀಮೆಗಳಿಗೆ ಹೋಗಿ ನೆಲೆಸಿದ ಕನ್ನಡ ಓದುಗರು ಇಂದು ಅನೇಕ. ಮೈನಸ್ 20, ಮೈನಸ್ 30 ಡಿಗ್ರಿಯನ್ನು ಮೊದಲ ಸಲ ಎದುರಿಸುವವರಿಗೆ ಏನು ಮಾಡಬೇಕೆಂದು ಹೇಳಿದರೆ ಸಾಲದು, ಯಾಕೆ ಎಂದೂ ಹೇಳಬೇಕು. ಆ ಚಳಿಯಲ್ಲಿ ಬೆಳೆದವರು ಸಂಜೆಯೇ ಮುಗಿಸಿಡುವ ಕೆಲಸವನ್ನು ಹೊಸಬರು ಬೆಳಗಿನ ಅವಸರದಲ್ಲಿ ಮಾಡಹೋಗುತ್ತಾರೆ. ಗಾಜು ಸೀಳುವುದು, ಬ್ಯಾಟರಿ ಸಿಡಿಯುವುದು, ಪೈಪಿಗೆ ಹಿಡಿದ ಜ್ವಾಲೆ ಗೋಡೆಗೆ ಹತ್ತುವುದು ಆಗಲೇ. ಪತ್ರ ಉದ್ದವಾಯಿತೆಂದು ಪಕ್ಕಕ್ಕಿಡಬೇಡಿ ಎಂದು ಕೋರುತ್ತೇನೆ.

ಮೊದಲು ಜೀವದ ಮಾತು. ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟುಕೊಂಡು ಮಲಗಬಾರದು. ‘ಹೊಗೆ ಎಲ್ಲ ಹೋದ ಮೇಲೆಯೇ ಒಳಗೆ ತಂದೆವು’ ಎನ್ನುವವರಿದ್ದಾರೆ. ತಪ್ಪು ಇರುವುದು ಅಲ್ಲೇ. ಹೊಗೆಯಿಲ್ಲದೆ ಕೆಂಪಗೆ ಹೊಳೆಯುವ ಇದ್ದಿಲೇ ಕಾರ್ಬನ್ ಮೊನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಮಲಗಿದವರು ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತಾರೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು, ಕಾಲಲ್ಲಿ ಬಲವಿಲ್ಲದಂತಾಗುವುದು. ಮನೆಯವರೆಲ್ಲರಿಗೂ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದ ಕೂಡಲೇ ಹಗುರವೆನಿಸಿದರೆ ಅದು ನೆಗಡಿಯಲ್ಲ. ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ ತುರ್ತು ಸಹಾಯಕ್ಕೆ ಕರೆ ಮಾಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಈ ಅನಿಲ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಹಿಡಿದ ರಕ್ತವೆಂದೇ ಓದಿ 98, 99 ಎಂದು ತೋರಿಸಬಹುದು.

ಅಡುಗೆಯ ಗ್ಯಾಸ್ ಒಲೆಯನ್ನು ಕೋಣೆ ಕಾಯಿಸಲು ಉರಿಸುವುದು, ಜನರೇಟರನ್ನು ವರಾಂಡದಲ್ಲೋ ಗ್ಯಾರೇಜಿನಲ್ಲೋ ಓಡಿಸುವುದು, ಇವೂ ಅದೇ ದಾರಿ. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಓಡಬಾರದು. ಮಲಗುವ ಕೋಣೆಯ ಹತ್ತಿರ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇರಲೇಬೇಕು. ಹೊಗೆಯ ಅಲಾರ್ಮ್ ಬೇರೆ, ಇದು ಬೇರೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಅದರೊಳಗಿನ ಸೆನ್ಸರಿಗೆ ಆಯುಸ್ಸಿದೆ, ಹಿಂಬದಿಯಲ್ಲಿ ಬರೆದಿರುವ ವರ್ಷ ದಾಟಿದ್ದರೆ ಹೊಸ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ, ಇಡೀ ಸಾಧನವನ್ನೇ ಬದಲಿಸಬೇಕು.

ಹೊಗೆಕೊಳವೆ ಇರುವ ಕಟ್ಟಿಗೆಯ ಒಲೆಯೂ ಸರಿಯಾಗಿ ನೋಡಿಕೊಂಡರೆ ಮಾತ್ರ ಸುರಕ್ಷಿತ. ಹಸಿ ಕಟ್ಟಿಗೆ ಸುಟ್ಟರೆ ಶಾಖದ ಒಂದು ಪಾಲು ಅದರ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಮೇಲಾಗಿ ತಣ್ಣಗಿನ ಹೊಗೆ ಕೊಳವೆಯ ಒಳಗೋಡೆಗೆ ಡಾಂಬರಿನಂಥ ಪದರವಾಗಿ ಅಂಟುತ್ತದೆ. ಮುಂದೆ ಒಂದು ದಿನ ಕೊಳವೆಯೊಳಗೆ ಬೆಂಕಿ ಹತ್ತುವುದು ಆ ಪದರಕ್ಕೇ. ಕಟ್ಟಿಗೆಯ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ ಇರಲಿ. ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿ ರಾತ್ರಿಯಿಡೀ ಹೊಗೆಯಾಡಿಸಬೇಡಿ. ಬೂದಿಯ ಅಡಿಯಲ್ಲಿ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ, ಆದ್ದರಿಂದ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ತುಂಬಿ ಮನೆಯಿಂದ ದೂರವಿಡಬೇಕು, ರಟ್ಟಿನ ಪೆಟ್ಟಿಗೆಯಲ್ಲಿ ಅಲ್ಲ. ಗ್ಯಾಸ್ ಬಾಯ್ಲರ್ ಇರುವ ಮನೆಗಳಲ್ಲಿ ಹೊಗೆ ಹೊರಹೋಗುವ ಕೊಳವೆ ಪಕ್ಕದ ಗೋಡೆಯಲ್ಲೇ ಇರುವುದುಂಟು. ಪ್ರತಿ ಹಿಮಪಾತದ ನಂತರ ಅದರ ಬಾಯಿಯಿಂದ ಹಿಮ ಸರಿಸಬೇಕು.

ವಿದ್ಯುತ್ ಹೀಟರಿನಲ್ಲಿ ಆ ಅನಿಲದ ಭಯವಿಲ್ಲ, ವೈರಿನ ಭಯವಿದೆ. 2000 ವಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ತೆಳು ಎಕ್ಸ್‌ಟೆನ್ಷನ್ ವೈರು ಸುರುಳಿ ಸುತ್ತಿದಂತೆಯೇ ಇದ್ದರೆ ಒಳಗೊಳಗೇ ಕಾದು ಕರಗುತ್ತದೆ. ಗೋಡೆಯ 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಹಾಕಿ, ಪರದೆ ಹಾಸಿಗೆಗಳಿಂದ ಒಂದು ಮೀಟರ್ ದೂರವಿಡಿ. ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ ಎಂದರ್ಥ, ಅದನ್ನು ಮೊದಲು ಬದಲಿಸಬೇಕು.

ಶಾಖ ಹುಟ್ಟಿಸುವುದಕ್ಕಿಂತ ಹಿಡಿದಿಡುವುದು ಅಗ್ಗ. ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿಕೊಂಡು ಬಾಗಿಲ ಸಂದು, ಕಿಟಕಿಯ ಚೌಕಟ್ಟು, ವೈರು ಒಳಬರುವ ತೂತುಗಳ ಹತ್ತಿರ ಹಿಡಿಯಿರಿ, ಹೊಗೆ ಅಡ್ಡಡ್ಡ ಓಡುವಲ್ಲೆಲ್ಲ ಮನೆಯ ಶಾಖ ಸೋರುತ್ತಿದೆ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಚೌಕಟ್ಟಿಗೆ ಫೋಮ್ ಪಟ್ಟಿ, ಒಂಟಿ ಗಾಜಿನ ಕಿಟಕಿಗೆ ಒಳಬದಿಯಿಂದ ಬಿಗಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಹಾಳೆಗೂ ಗಾಜಿಗೂ ನಡುವೆ ಒಂದೆರಡು ಸೆಂಟಿಮೀಟರ್ ನಿಶ್ಚಲ ಗಾಳಿ ನಿಂತರೆ ಅದೇ ಕಂಬಳಿ. ಆದರೆ ಒಲೆಗೆ, ಬಾಯ್ಲರಿಗೆ ಗಾಳಿ ಕೊಡಲೆಂದು ಬಿಟ್ಟ ಕಿಂಡಿಯನ್ನು ಮಾತ್ರ ಎಂದೂ ಮುಚ್ಚಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಮನೆಯೊಳಗೆ 18 ಡಿಗ್ರಿಯನ್ನು ಸುರಕ್ಷಿತ ಮಟ್ಟವೆಂದು ಹೇಳಿದೆ. ವೃದ್ಧರು, ಹಸುಗೂಸುಗಳಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಇಡೀ ಮನೆಗೆ ಅಷ್ಟು ಶಾಖ ಸಾಧ್ಯವಿಲ್ಲದಿದ್ದರೆ ಒಂದೇ ಕೋಣೆಯನ್ನು ಕಾಯಿಸಿಕೊಂಡು ಎಲ್ಲರೂ ಅಲ್ಲಿರಿ. ಆದರೆ ಉಳಿದ ಕೋಣೆಗಳಲ್ಲಿ ನೀರಿನ ಪೈಪು ಹಾದುಹೋಗಿದೆಯೇ ಎಂದು ನೋಡಿಕೊಳ್ಳಿ.

ಏಕೆಂದರೆ ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಒಡೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಲವು ಸಲ ಹಾಗಾಗುವುದಿಲ್ಲ. ಬೆಳೆಯುವ ಮಂಜುಗಡ್ಡೆ ಬಿರಡೆಯಂತೆ ಮುಂದಿನ ನೀರನ್ನು ದೂಡುತ್ತದೆ. ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕ ನೀರಿಗೆ ಹೋಗಲು ದಾರಿಯಿಲ್ಲ, ಒತ್ತಡ ಏರಿ ಎಲ್ಲಿ ದುರ್ಬಲವೋ ಅಲ್ಲಿ ಸೀಳುತ್ತದೆ. ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಸಲು ಬಿಡಿ ಎನ್ನುವ ಸಲಹೆಯ ಗುಟ್ಟು ಇದೇ. ಹರಿಯುವ ನೀರು ಹೆಪ್ಪುಗಟ್ಟುವುದೇ ಇಲ್ಲವೆಂದಲ್ಲ, ಹೆಪ್ಪುಗಟ್ಟಿದರೂ ಒತ್ತಡ ಹೊರಹೋಗಲು ಬಾಯಿ ಇರುತ್ತದೆ. ಹೊರಗೋಡೆಯ ಗುಂಟ ಹೋಗುವ ಪೈಪಿನ ಕಟ್ಟಕಡೆಯ ನಲ್ಲಿಯನ್ನು ಹನಿಸಬೇಕು, ತಣ್ಣೀರು ಬಿಸಿನೀರು ಎರಡನ್ನೂ. ಬಿಸಿನೀರಿನ ಪೈಪೂ ಮಧ್ಯರಾತ್ರಿಯ ಹೊತ್ತಿಗೆ ತಣ್ಣಗಾಗಿರುತ್ತದೆ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಕೋಣೆಯ ಬಿಸಿಗಾಳಿ ಪೈಪಿಗೆ ತಗಲುತ್ತದೆ.

ಪೈಪಿಗೆ ಫೋಮ್ ಕೊಳವೆ ತೊಡಿಸುವಾಗ ನೇರ ಭಾಗಕ್ಕೆ ತೊಡಿಸಿ ಪೈಪು ತಿರುಗುವ ಮೊಣಕೈ, ವಾಲ್ವ್, ಜೋಡಣೆಗಳನ್ನು ಬೆತ್ತಲೆ ಬಿಡುವುದು ಸಾಮಾನ್ಯ ತಪ್ಪು, ಹೆಪ್ಪುಗಟ್ಟುವಿಕೆ ಶುರುವಾಗುವುದು ಅಲ್ಲೇ. ಇನ್ನೊಂದು ಮಾತು: ಫೋಮ್ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ತಡಮಾಡುತ್ತದೆ, ಅಷ್ಟೇ. ದಿನಗಟ್ಟಲೆ ನೀರು ನಿಂತಲ್ಲೇ ನಿಂತರೆ ಒಳಗೂ ಹೆಪ್ಪುಗಟ್ಟುತ್ತದೆ. ಅಂಥ ಕಡೆ ಪೈಪಿಗೆ ತಗುಲಿಸಿ ವಿದ್ಯುತ್ತಿನಿಂದ ಕಾಯಿಸುವ ಹೀಟಿಂಗ್ ಕೇಬಲ್ ಬೇಕು. ತಾನೇ ಶಾಖ ಹೊಂದಿಸಿಕೊಳ್ಳುವ ಬಗೆಯದನ್ನು ಕೊಳ್ಳಿ. ಸ್ಥಿರ ವಾಟಿನ ಕೇಬಲನ್ನು ಒಂದರ ಮೇಲೊಂದು ಸುತ್ತಿದರೆ ಆ ಜಾಗ ಸುಟ್ಟು ಪ್ಲಾಸ್ಟಿಕ್ ಪೈಪು ಕರಗುತ್ತದೆ.

ಮನೆ ಬೀಗ ಹಾಕಿ ಕೆಲವು ದಿನ ಹೋಗುವವರು ನೀರನ್ನು ಪೂರ್ತಿ ಇಳಿಸಿಯೇ ಹೋಗಬೇಕು. ಮೊದಲು ಗೀಸರಿನ ವಿದ್ಯುತ್ತು ಅಥವಾ ಗ್ಯಾಸ್ ಬಂದ್ ಮಾಡಿ, ಖಾಲಿ ತೊಟ್ಟಿಯಲ್ಲಿ ಕಾಯಿಲ್ ಕಾದರೆ ಸುಟ್ಟುಹೋಗುತ್ತದೆ. ಆಮೇಲೆ ಮುಖ್ಯ ವಾಲ್ವ್ ಮುಚ್ಚಿ. ಅತಿ ಎತ್ತರದ ನಲ್ಲಿ ತೆರೆಯಿರಿ, ಗಾಳಿ ಒಳಬರಲು. ಬಳಿಕ ಅತಿ ಕೆಳಗಿನ ನಲ್ಲಿ ತೆರೆದು ನೀರು ಇಳಿಸಿ, ಗೀಸರಿನ ತೊಟ್ಟಿಯನ್ನೂ ಅದರ ಡ್ರೈನ್ ವಾಲ್ವಿನಿಂದ ಖಾಲಿ ಮಾಡಿ, ಕಮೋಡಿನ ತೊಟ್ಟಿಯನ್ನು ಫ್ಲಶ್ ಮಾಡಿ. ಸಿಂಕು, ಕಮೋಡು, ಬಚ್ಚಲಿನ ಬಾಗುಕೊಳವೆಗಳಲ್ಲಿ ಉಳಿಯುವ ನೀರನ್ನು ಮರೆಯುವವರೇ ಹೆಚ್ಚು. ಅದಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಆಧಾರದ, ವಿಷವಲ್ಲದ ಆಂಟಿಫ್ರೀಜ್, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಸುರಿಯಬೇಕು. ಗಾಡಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇಡ, ಅದು ವಿಷ. ಅಂಗಳದ ನಲ್ಲಿಯಿಂದ ಹೋಸ್ ಪೈಪು ಬಿಚ್ಚಿಡಿ. ಹೆಪ್ಪುಗಟ್ಟದಂತೆ ತಯಾರಿಸಿದ ನಲ್ಲಿಯಾದರೂ ಹೋಸ್ ಸಿಕ್ಕಿಸಿಯೇ ಬಿಟ್ಟರೆ ನೀರು ಇಳಿಯದೆ ಒಡೆಯುತ್ತದೆ.

ಇಷ್ಟಾಗಿಯೂ ಬೆಳಿಗ್ಗೆ ನೀರು ಬರದಿದ್ದರೆ ಮೊದಲ ಕೆಲಸ ಮುಖ್ಯ ವಾಲ್ವ್ ಎಲ್ಲಿದೆ, ತಿರುಗುತ್ತದೆಯೇ ಎಂದು ನೋಡುವುದು. ಪೈಪು ಈಗಾಗಲೇ ಸೀಳಿದ್ದರೆ ಕರಗುವವರೆಗೂ ಗೊತ್ತಾಗುವುದಿಲ್ಲ, ಮಂಜುಗಡ್ಡೆಯೇ ತೂತನ್ನು ಮುಚ್ಚಿಕೊಂಡಿರುತ್ತದೆ. ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾ ಹೇರ್ ಡ್ರೈಯರ್ ಅಥವಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾಯಿಸಿ. ನಡುವಿನಲ್ಲಿ ಕಾಯಿಸಿದರೆ ಕರಗಿದ ನೀರು, ಹಬೆ ಎರಡು ಗಡ್ಡೆಗಳ ನಡುವೆ ಸಿಕ್ಕಿಬೀಳುತ್ತದೆ. ಬ್ಲೋ ಲ್ಯಾಂಪ್, ಪಂಜು, ಮೇಣದ ಬತ್ತಿ ಯಾವುದೂ ಬೇಡ. ಪೈಪಿನ ಹಿಂದಿನ ಮರ ಹೊತ್ತಿಕೊಂಡದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಬೆಂಕಿ ಗೋಡೆಯೊಳಗೆ ಸೇರಿರುತ್ತದೆ.

ಇನ್ನು ವಾಹನ. ಇಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಮೈನಸ್ 18 ಡಿಗ್ರಿಯಲ್ಲಿ ಲೆಡ್ ಆಸಿಡ್ ಬ್ಯಾಟರಿಯ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ನಿನೊಳಗಿನ ಆಯಿಲ್ ಗಟ್ಟಿಯಾಗಿ, ಅದನ್ನು ತಿರುಗಿಸಲು ಬೇಕಾದ ಶಕ್ತಿ ದುಪ್ಪಟ್ಟಿಗೂ ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ‘ಪರವಾಗಿಲ್ಲ, ನಡೆಯುತ್ತದೆ’ ಎನ್ನಿಸಿದ ಬ್ಯಾಟರಿ ಇಲ್ಲಿ ಟಕ್ ಟಕ್ ಎಂದು ನಿಂತುಬಿಡುವುದು ಅದಕ್ಕೇ. ಬ್ಯಾಟರಿ ಕೊಳ್ಳುವಾಗ ಆಂಪಿಯರ್ ಅವರ್ ಒಂದನ್ನೇ ನೋಡದೆ ಸಿಸಿಎ ಸಂಖ್ಯೆ ನೋಡಿ: ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು, ವೋಲ್ಟೇಜು 7.2ಕ್ಕಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದರ ಅಳತೆ ಅದು. ಗಾಡಿ ಒಂದು ರಾತ್ರಿ ನಿಂತ ಮೇಲೆ ಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ಚಾರ್ಜು ತುಂಬಿದೆ, 12.2 ಆದರೆ ಅರ್ಧ, 12ಕ್ಕಿಂತ ಕೆಳಗಾದರೆ ಬಹುತೇಕ ಖಾಲಿ.

ಈ ಖಾಲಿ ಬ್ಯಾಟರಿಯೇ ಅಪಾಯದ್ದು. ತುಂಬಿದ ಬ್ಯಾಟರಿಯ ಆಸಿಡ್ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರು, ಅದು ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆ ಕಟ್ಟಿ ಪ್ಲೇಟುಗಳನ್ನು ಬಾಗಿಸುತ್ತದೆ, ಡಬ್ಬಿಯನ್ನು ಉಬ್ಬಿಸುತ್ತದೆ. ಉಬ್ಬಿದ, ಬಿರುಕುಬಿಟ್ಟ, ಒಳಗೆ ಗಡ್ಡೆ ಕಟ್ಟಿದ ಬ್ಯಾಟರಿಗೆ ಬೇರೆ ಗಾಡಿಯ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಬೇಡಿ, ಚಾರ್ಜರೂ ಬೇಡ. ಸಿಡಿದರೆ ಆಸಿಡ್ ಬೀಳುವುದು ಮುಖಕ್ಕೆ.

ಸರಿಯಿರುವ ಬ್ಯಾಟರಿಗೆ ಜಂಪ್ ಕೊಡುವ ಕ್ರಮವೂ ಬಾಯಿಪಾಠವಿರಲಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರಬಹುದು, ಅದಕ್ಕೇ ಈ ದೂರ. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿ. ಬಿಚ್ಚುವುದು ಇದರ ಹಿಮ್ಮುಖ ಕ್ರಮದಲ್ಲಿ.

ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ, ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜು ಹೀಟರ್, ಹಿಂಗಾಜನ್ನು ಕಾಯಿಸುವ ತಂತಿ, ದೀಪಗಳ ನಡುವೆ ಮರಳಿ ತುಂಬುವುದಿಲ್ಲ. ವಾರಕ್ಕೊಮ್ಮೆ ರಾತ್ರಿಯಿಡೀ ಸ್ಮಾರ್ಟ್ ಚಾರ್ಜರಿಗೆ ಹಾಕಿ. ತಿಂಗಳುಗಟ್ಟಲೆ ನಿಲ್ಲುವ ಬೈಕಿನ ಬ್ಯಾಟರಿಯನ್ನು ಬಿಚ್ಚಿ, ಚಾರ್ಜ್ ತುಂಬಿಸಿ ಒಳಗಿಡಿ.

ಆಯಿಲ್ ವಿಷಯದಲ್ಲಿ ‘ದಪ್ಪ ಆಯಿಲ್ ಎಂಜಿನ್ನಿಗೆ ಒಳ್ಳೆಯದು’ ಎಂಬ ನಂಬಿಕೆ ಚಳಿಗೆ ನಡೆಯದು. ಆಯಿಲ್ ಡಬ್ಬಿಯ ಮೇಲಿನ ಅಂಕಿಯಲ್ಲಿ ಡಬ್ಲ್ಯು ಅಕ್ಷರದ ಮುಂಚಿನ ಸಂಖ್ಯೆ ಚಳಿಯದು. ಚಳಿಯಲ್ಲಿ ಎಂಜಿನ್ ತಿರುಗಲು ಬಿಡುವಷ್ಟು ತೆಳುವೇ ಎಂದು 15ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಮೈನಸ್ 20ರಲ್ಲಿ, 10ಡಬ್ಲ್ಯು ಮೈನಸ್ 25ರಲ್ಲಿ, 5ಡಬ್ಲ್ಯು ಮೈನಸ್ 30ರಲ್ಲಿ, 0ಡಬ್ಲ್ಯು ಮೈನಸ್ 35ರಲ್ಲಿ. ನಿಮ್ಮ ಸೀಮೆಯ ಅತಿ ಚಳಿಯ ರಾತ್ರಿಯನ್ನು ನೋಡಿ, ಗಾಡಿಯ ಕೈಪಿಡಿ ಒಪ್ಪುವ ಸಂಖ್ಯೆ ಆರಿಸಿ.

ಎಂಜಿನ್ ತಣ್ಣಗಿಡುವ ದ್ರಾವಣ, ಅಂದರೆ ಕೂಲೆಂಟಿನಲ್ಲಿ ನಡೆಯುವ ತಪ್ಪು ಇದಕ್ಕೆ ತದ್ವಿರುದ್ಧ. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿದರೆ ಅದು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ‘ಹಾಗಾದರೆ ನೀರೇ ಬೇಡ, ಪೂರ್ತಿ ಗ್ಲೈಕಾಲ್ ಸುರಿಯೋಣ’ ಎಂದರೆ ಕೆಟ್ಟಿತು, ಶುದ್ಧ ಗ್ಲೈಕಾಲ್ ಮೈನಸ್ 13ರ ಹೊತ್ತಿಗೇ ಗಟ್ಟಿಯಾಗುತ್ತದೆ. ಶೇಕಡಾ 60ನ್ನು ದಾಟಬೇಡಿ. ಬೇಸಿಗೆಯಲ್ಲಿ ಬರೀ ನೀರು ತುಂಬಿಸುತ್ತಾ ಬಂದವರು ದ್ರಾವಣದ ಸಾಂದ್ರತೆ ತೋರಿಸುವ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿ ಅಳೆಯಲೇಬೇಕು, ಎಂಜಿನ್ ತಣ್ಣಗಿರುವಾಗ. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ. ರುಚಿ ಸಿಹಿ, ಮಕ್ಕಳೂ ನಾಯಿ ಬೆಕ್ಕುಗಳೂ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಕಾಟ. ಚಳಿಗೆ ಡೀಸೆಲಿನೊಳಗಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಕಟ್ಟುತ್ತದೆ. ಗಾಡಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಓಡಿ, ಬಲ ಕಳೆದುಕೊಂಡು ನಿಂತರೆ ಸಂಶಯವಿಲ್ಲದೆ ಇದನ್ನೇ ಮೊದಲು ನೋಡಬೇಕು. ಬೆಚ್ಚಗಿನ ಸೀಮೆಯಲ್ಲಿ ತುಂಬಿಸಿದ ಡೀಸೆಲ್ ಹೊತ್ತು ಬೆಟ್ಟ ಹತ್ತಿದವರಿಗೆ ಹೀಗಾಗುವುದು ಹೆಚ್ಚು. ಚಳಿಗಾಲದ ಡೀಸೆಲನ್ನೇ ತುಂಬಿಸಿ, ಮೇಣ ಕಟ್ಟದ ಹಾಗೆ ಮಾಡುವ ದ್ರಾವಣವನ್ನು ಡೀಸೆಲ್ ಇನ್ನೂ ತಿಳಿಯಾಗಿರುವಾಗಲೇ ಬೆರೆಸಿ. ಕಟ್ಟಿದ ಮೇಲೆ ಸುರಿದರೆ ಅದು ಮೇಣವನ್ನು ಕರಗಿಸುವುದಿಲ್ಲ. ಆಗ ಬೆಚ್ಚಗಿನ ಜಾಗಕ್ಕೆ ಎಳೆದೊಯ್ದು ಫಿಲ್ಟರ್ ಬದಲಿಸುವುದೇ ಭದ್ರವಾದ ದಾರಿ. ಡೀಸೆಲಿಗೆ ಪೆಟ್ರೋಲ್ ಬೆರೆಸುವ ಹಳೆಯ ಉಪಾಯ ಇಂದಿನ ಗಾಡಿಗಳ ಅತಿ ಒತ್ತಡದ ಕಾಮನ್ ರೈಲ್ ಡೀಸೆಲ್ ಪಂಪನ್ನು ತಿಂದುಹಾಕುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವವರಿಗೆ ಏನು ಹೇಳುವುದು, ದಯವಿಟ್ಟು ಹಾಕಬೇಡಿ ಎಂದಷ್ಟೇ. ಡೀಸೆಲ್ ಗಾಡಿಯ ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರಾವಣ, ಅಂದರೆ ಡಿಇಎಫ್, ಮೈನಸ್ 11ರಲ್ಲಿ ಹೆಪ್ಪುಗಟ್ಟುವುದು ಸಹಜ, ಅದರ ತೊಟ್ಟಿಯಲ್ಲಿ ಹೀಟರ್ ಇದೆ. ಅದಕ್ಕೆ ಏನನ್ನೂ ಬೆರೆಸಬೇಡಿ, ಕಂಠಮಟ್ಟ ತುಂಬಬೇಡಿ.

ಮೈನಸ್ 20ರ ಕೆಳಗೆ ದಿನಾ ಗಾಡಿ ತೆಗೆಯುವವರಿಗೆ ಎಂಜಿನ್ನನ್ನು ವಿದ್ಯುತ್ತಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ರಾತ್ರಿಯಿಡೀ ಉರಿಸುವ ಅಗತ್ಯವಿಲ್ಲ, ಟೈಮರ್ ಇಟ್ಟು ಹೊರಡುವ ಮೂರು ಗಂಟೆ ಮುಂಚೆ ಚಾಲೂ ಆದರೆ ಸಾಕು. ಸ್ಟಾರ್ಟ್ ಮಾಡುವಾಗ ದೀಪ, ಬ್ಲೋವರ್ ಎಲ್ಲ ಬಂದ್ ಇರಲಿ, ಕ್ಲಚ್ ಪೂರ್ತಿ ಒತ್ತಿರಲಿ, ಡೀಸೆಲ್ ಆದರೆ ಸಿಲಿಂಡರನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ಗಿನ ದೀಪ ಆರುವವರೆಗೆ ಕಾಯಿರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ, ಇಲ್ಲವಾದರೆ ಸ್ಟಾರ್ಟರ್ ಸುಡುತ್ತದೆ. ಎಂಜಿನ್ ಹತ್ತಿದ ಮೇಲೆ ಒಂದೆರಡು ನಿಮಿಷ ಸಾಕು. ಗಾಜು ತಿಳಿಯಾದೊಡನೆ ಹೊರಟು ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿ. ನಿಂತಲ್ಲೇ ಅರ್ಧ ಗಂಟೆ ಓಡಿಸಿದರೆ ಎಂಜಿನ್ ಬೇಗ ಕಾಯುವುದಿಲ್ಲ, ಸುಡದ ಇಂಧನ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ.

ಸಂಜೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಒದ್ದೆಯಾದ ಕೇಬಲ್, ಬ್ರೇಕ್ ಶೂ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಿಂದಿನ ಚಕ್ರ ತಿರುಗದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ವೈಪರ್ ಎತ್ತಿ ನಿಲ್ಲಿಸಿ, ಗಾಜಿಗೆ ಹೊದಿಕೆ ಹಾಕಿ. ಬಾಗಿಲ ರಬ್ಬರಿಗೆ ಸಿಲಿಕೋನ್ ಸವರಿದರೆ ಬಾಗಿಲು ಅಂಟುವುದಿಲ್ಲ. ಹಿಮ ಕಟ್ಟಿದ ಗಾಜಿಗೆ ಬಿಸಿನೀರು ಸುರಿದರೆ ಕಣ್ಣಿಗೆ ಕಾಣದ ಸಣ್ಣ ಬಿರುಕು ಗಾಜಿನ ಉದ್ದಕ್ಕೂ ಓಡುತ್ತದೆ, ಓಡದಿದ್ದರೂ ಕೆಳಗೆ ಇಳಿದ ನೀರು ಅಲ್ಲೇ ಗಡ್ಡೆ ಕಟ್ಟುತ್ತದೆ. ಒಳಗಿನ ಮಬ್ಬು ತೆಗೆಯಲು ಹೀಟರಿನ ಜೊತೆ ಎಸಿ ಕೂಡ ಹಾಕಿ, ಹೊರಗಾಳಿಗೆ ತಿರುಗಿಸಿ. ಚಳಿಯಲ್ಲಿ ಎಸಿ ಯಾಕೆ ಎಂದು ಕೇಳುವವರಿದ್ದಾರೆ, ಅದು ಗಾಳಿಯ ತೇವ ಹೀರುತ್ತದೆ. ಸೊನ್ನೆಗಿಂತ ತೀರಾ ಕೆಳಗಿನ ಚಳಿಯಲ್ಲಿ ಹಲವು ಗಾಡಿಗಳ ಎಸಿ ತಾನೇ ನಿಂತುಬಿಡುತ್ತದೆ, ಆಗ ಒಣ ಹೊರಗಾಳಿಯೇ ಆ ಕೆಲಸ ಮಾಡುತ್ತದೆ.

ಟೈರಿನ ಗಾಳಿ ಪ್ರತಿ 5, 6 ಡಿಗ್ರಿ ಇಳಿದಂತೆ ಸುಮಾರು 1 ಪಿಎಸ್ಐ ಇಳಿಯುತ್ತದೆ. 7 ಡಿಗ್ರಿಯ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರು ಹಾಕುವುದಾದರೆ ನಾಲ್ಕೂ ಹಾಕಿ, ಮುಂದೆರಡಕ್ಕೆ ಮಾತ್ರ ಹಾಕಿದರೆ ತಿರುವಿನಲ್ಲಿ ಹಿಂಬದಿ ಜಾರಿ ಗಾಡಿ ಸುತ್ತುತ್ತದೆ. ವಿದ್ಯುತ್ ಗಾಡಿಯವರು ಚಾರ್ಜರಿಗೆ ಸಿಕ್ಕಿಸಿದಂತೆಯೇ ಕ್ಯಾಬಿನ್ನನ್ನೂ ಬ್ಯಾಟರಿಯನ್ನೂ ಬೆಚ್ಚಗೆ ಮಾಡಿಕೊಂಡು ಹೊರಡಬೇಕು.

ಹಿಮದಲ್ಲಿ ಗಾಡಿ ಸಿಕ್ಕಿಕೊಂಡರೆ ಇಳಿದು ನಡೆದುಹೋಗಬೇಡಿ. ಮೊದಲು ಸೈಲೆನ್ಸರಿನ ಬಾಯಿಯಿಂದ ಹಿಮ ಕೆರೆದು ತೆಗೆಯಿರಿ. ಅದು ಮುಚ್ಚಿದ್ದರೆ ವಿಷಾನಿಲ ಒಳಗೇ ಬರುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಬದಿಯ ಕಿಟಕಿ ಒಂದು ಬೆರಳು ತೆರೆದಿರಲಿ, ಪ್ರತಿ ಸಲ ಓಡಿಸುವ ಮುನ್ನ ಸೈಲೆನ್ಸರ್ ಮತ್ತೆ ನೋಡಿ. ಸಲಿಕೆ, ಕಂಬಳಿ, ಟಾರ್ಚು, ಒಂದು ಚೀಲ ಮರಳು ಗಾಡಿಯಲ್ಲೇ ಇರಲಿ. ಜೊತೆಯವರ ನಡುಕ ನಿಂತು ಮಾತು ತೊದಲಿದರೆ ಚೇತರಿಸಿಕೊಂಡರೆಂದು ತಿಳಿಯಬೇಡಿ, ದೇಹದ ಶಾಖ ಕುಸಿಯುತ್ತಿರುವ ಗುರುತು ಅದು. ಒದ್ದೆ ಬಟ್ಟೆ ತೆಗೆದು ಎದೆ, ಕುತ್ತಿಗೆ, ಬೆನ್ನನ್ನು ಬೆಚ್ಚಗೆ ಮಾಡಿ, ಕೈಕಾಲು ಉಜ್ಜಬೇಡಿ, ಮದ್ಯ ಕೊಡಬೇಡಿ.

ತಮ್ಮಲ್ಲಿ ಒಂದು ಕೋರಿಕೆ. ಚಳಿಗಾಲದಲ್ಲಿ ಕನಿಷ್ಠ ತಾಪಮಾನದ ಅಂಕಿ ಪ್ರಕಟಿಸುವಾಗ, ಅದು ಸೊನ್ನೆಗಿಂತ ಕೆಳಗಿರುವ ದಿನ, ಅಂಕಿಯ ಕೆಳಗೇ ಎರಡು ಸಾಲು ದಪ್ಪಕ್ಷರದಲ್ಲಿ ಹಾಕಿ: ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ, ಹಿಮ ಮುಚ್ಚಿದ ಸೈಲೆನ್ಸರ್ ತೆರವು ಮಾಡದೆ ಎಂಜಿನ್ ಬೇಡ. ಅಂತರ್ಜಾಲ ಆವೃತ್ತಿಯಲ್ಲಿ ಇದನ್ನು ಮುಂಜಾನೆ ಹಾಕದೆ ಹಿಂದಿನ ದಿನ ಸಂಜೆ ಐದರೊಳಗೆ ಹಾಕಿದರೆ, ಓದಿದವರಿಗೆ ನಲ್ಲಿ ಹನಿಸಲು, ಬ್ಯಾಟರಿ ಚಾರ್ಜಿಗೆ ಹಾಕಲು ಇನ್ನೂ ಹೊತ್ತಿರುತ್ತದೆ.

ಇತಿ,
ತಮ್ಮ ಪತ್ರಿಕೆಯ ಓದುಗ